ಮರ್ಲ್ ಆಂಟಿ ದೀಪ ಬೆಳಗುವ ದಿನ

ಆಸ್ಟ್ರೇಲಿಯಾದ ಚರಿತ್ರೆಯನ್ನು ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲೇ ತಿಳಿಹೇಳಿದವರಲ್ಲಿ ಶ್ರೀಮತಿ ಅಹಲ್ಯಾ ಮೇಡಂ ಅವರದು ಮೊದಲ ಸಾಲಿನ ಹೆಸರು. ಧಾರವಾಡದಲ್ಲಿ ಓದಿ, ಮೆಲ್ಬರ್ನ್‌ನ ಶಾಲೆಯೊಂದರಲ್ಲಿ ಬಹುಕಾಲ ಚರಿತ್ರೆ ಬೋಧಿಸಿ, ಅನಂತರ ಸಿಡ್ನಿಗೆ ಬಂದು, ಈ 2009ರಲ್ಲಿ ನಿವೃತ್ತರಾಗುತ್ತಿರುವ ಅವರು, ಬಿಳಿಯರ ಹಡಗು ಬರುವ ಮೊದಲೇ ಈ ನೆಲದಲ್ಲಿ ಅಡುಗೆಯ ಹೊಗೆ ಏಳುತ್ತಿತ್ತೆಂಬುದನ್ನು ಮರೆತ ದೇಶ ತನ್ನನ್ನು ತಾನು ಅರಿಯಲಾರದೆಂದೇ ಪಾಠ ಹೇಳುತ್ತ ಬಂದರು.

ನಮ್ಮ ಕನ್ನಡ ಬಳಗಕ್ಕಾಗಿ ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ಬಳಗದ ಹಾಲ್‌ನಲ್ಲಿ ಅವರು ನಡೆಸುತ್ತಿದ್ದ ಭಾನುವಾರದ ಚರಿತ್ರೆ ಕ್ಲಾಸಿಗೆ ಸೇರಿದಾಗ ನಾನು ಹತ್ತಿರದ ವೆಸ್ಟ್‌ಮೀಡ್‌ನಲ್ಲಿ ಒಂಟಿಯಾಗಿದ್ದೆ. ಜ್ವರದಿಂದ ಮಲಗಿದ ನನಗೆ ರೈಲಿನಲ್ಲಿ ಜೋಳದ ಅಂಬಲಿ ಹೊತ್ತು ತಂದವರು ಅವರು. ಆ ಪ್ರೀತಿಯನ್ನು ನಾನು ಮರೆಯಲಾರೆ.

2007ರ ಜನವರಿ ಇಪ್ಪತ್ತಾರರಂದು ಭಾರತದ ಗಣರಾಜ್ಯೋತ್ಸವ, ಆಸ್ಟ್ರೇಲಿಯಾ ಡೇ ಎರಡನ್ನೂ ಒಂದೇ ಹಾಲ್‌ನಲ್ಲಿ ಮುಗಿಸುವ ಜಾಣತನ ನಮ್ಮ ಬಳಗದ್ದು. ದೀಪ ಬೆಳಗಲು ಮೇಡಂ ಅವರ ಗೆಳತಿ, ಮೂಲನಿವಾಸಿಗಳ ಹಿರಿಯರಾದ ಮರ್ಲ್ ಆಂಟಿಯನ್ನು ಕರೆದು, ದೊಡ್ಡ ಗೌರವ ಕೊಟ್ಟೆವೆಂದು ಬೀಗಿದ್ದೂ ಆಯಿತು. ಅವರು ಬರಲೊಪ್ಪಲಿಲ್ಲ.

"ಬಿಳಿಯರು ಬಂದಿಳಿದ ದಿನಾರೀ ಅದು. ಸೂತಕದ ಮನಿಯವರನ್ನ ಕರದು ದೀಪಾ ಹಚ್ಚಸ್ತೀರೇನು?" ಎಂದರು ಮೇಡಂ. ಗಣರಾಜ್ಯೋತ್ಸವ ಮಾಡಿ, ಆಸ್ಟ್ರೇಲಿಯಾ ಡೇ ಕೇಕ್ ಬಿಡಿ ಎಂಬುದಷ್ಟೇ ಅವರ ಕೋರಿಕೆ.

ಅಧ್ಯಕ್ಷ ಬದರಿನಾಥರು ಒಪ್ಪಲಿಲ್ಲ. "ಸುಮ್ನೆ ಯಾಕೆ ಇಶ್ಯೂ ಮಾಡ್ತೀರಿ ಮೇಡಂ? ಅರ್ಧ ಜನಕ್ಕೆ ಇಲ್ಲೇ ನೆಲೆಸೋಕೆ ಪಿಆರ್ ಇನ್ನೂ ಬಂದಿಲ್ಲ."

"ಈ ನೆಲಾ ಬೇಕಂದ್ರ ಇದರ ಕತೀನೂ ಬೇಕ್ರಿ. ಸಿಹಿ ಅಷ್ಟ ತಿಂದು ಹೋಗೂದು ಹೆಂಗ?"

ಕೇಕ್ ಕತ್ತರಿಸಲಾಯಿತು, ಭಾನುವಾರದ ಕ್ಲಾಸಿಗೆ ಬಳಗ ಹಾಲ್ ಕೊಡುವುದನ್ನು ನಿಲ್ಲಿಸಿತು. ಜೀವದಂತಿದ್ದ ಕ್ಲಾಸ್ ಕೈತಪ್ಪಿದರೂ ಮೇಡಂ ಯಾರನ್ನೂ ದೂರಲಿಲ್ಲ. ನನಗಂತೂ ಬದರಿನಾಥರ ಮೇಲೆ ಸಿಟ್ಟು ಬಂದಿತ್ತು.

ಮರುವರ್ಷ ಫೆಬ್ರವರಿಯಲ್ಲಿ, ಹಿಂದೆ ಸರ್ಕಾರವೇ ತಾಯಂದಿರಿಂದ ಕಿತ್ತೊಯ್ದ ಮೂಲನಿವಾಸಿ ಮಕ್ಕಳ ವಿಷಯದಲ್ಲಿ ಸಂಸತ್ತು ಕ್ಷಮೆ ಕೇಳಿತು. ನಾರ್ವೆಸ್ಟ್‌ನ ನಮ್ಮ ಆಫೀಸಿನ ಟಿವಿ ಮುಂದೆ, ಅಲ್ಲೇ ಕೆಲಸ ಮಾಡುವ ಬದರಿನಾಥರು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನೆದುರೇ ಮೇಡಂಗೆ ಫೋನ್ ಮಾಡಿ, "ಕ್ಲಾಸ್ ಮತ್ತೆ ಶುರು ಮಾಡ್ತೀರಾ?" ಎಂದರು.

"ಮಾಡ್ತೀನ್ರಿ. ಮುಂದಿನ ಸಾಲಿನ್ಯಾಗ ನೀವ ಕೂಡ್ಬೇಕು," ಎಂಬ ಉತ್ತರ ನನಗೂ ಕೇಳಿಸಿತು.

ಮೇಡಂ ನಿವೃತ್ತಿಗೆಂದು ಬಳಗ ತರುತ್ತಿರುವ ಈ ಅಭಿನಂದನಾ ಸಂಪುಟದ ಬಿಡುಗಡೆಗೆ ಅವರು ಹಾಕಿದ ಷರತ್ತು ಒಂದೇ: ದಿನ ಗೊತ್ತುಮಾಡುವ ಮುನ್ನ ಮರ್ಲ್ ಆಂಟಿಯನ್ನು ಕೇಳಬೇಕು. ಬದರಿನಾಥರೇ ಮನೆಗೆ ಹೋಗಿ ಕೇಳಿ ಬಂದರು. ದಿನ ಕೊಟ್ಟವರು ಆಂಟಿ. ದೀಪ ಬೆಳಗುವವರೂ ಅವರೇ. ನಮ್ಮ ಮೇಡಂ ಆರೋಗ್ಯವಾಗಿ ನೂರ್ಕಾಲ ಬಾಳಲಿ, ಭಾನುವಾರದ ಪಾಠ ನಡೆಯುತ್ತಲೇ ಇರಲಿ. ಮುಂದಿನ ಸಾಲಿನಲ್ಲಿ ಬದರಿನಾಥರಿರುತ್ತಾರೆ, ಅವರ ಪಕ್ಕದಲ್ಲಿ ನಾನು.