ತೆರೆಂತಿಯ ಮಾರ್ಚ್ ಇಪ್ಪತ್ತನಾಲ್ಕು

ಎಸ್ತೋನಿಯಾದ ಪೇಯ್ಪುಸ್ ಸರೋವರದ ಪಡುವಣ ದಂಡೆಯ ತೆರೆಂತಿ ಲುಕ್ಯಾನಿಚ್‌ಗೆ ಎರಡು ಪಂಚಾಂಗ. ಪಿಂಚಣಿ, ಬಸ್ಸು, ಆಸ್ಪತ್ರೆಗೆಲ್ಲ ಸರ್ಕಾರದ್ದು. ದೇವರು, ಈರುಳ್ಳಿ, ಮೀನು ಈ ಮೂರಕ್ಕೆ ಮಾತ್ರ ಅಜ್ಜ ಮುತ್ತಜ್ಜರಿಂದ ಬಂದ ಹಳೆಯದು. ಹಳೆಯದು ಸರ್ಕಾರದ್ದಕ್ಕಿಂತ ಹದಿಮೂರು ದಿನ ಹಿಂದೆ ಎಂದು ಅವನ ಮುಂದೆ ಯಾರೂ ಅನ್ನುವ ಹಾಗಿಲ್ಲ.

"ಹಿಂದೆ ಯಾಕಾಗತ್ತೆ? ಅದು ಇರೋ ಜಾಗದಲ್ಲೇ ಇದೆ. ಸರ್ಕಾರಾನೇ ಹದಿಮೂರು ದಿನ ಮುಂದಕ್ಕೆ ಓಡ್ಬಿಟ್ಟಿದೆ. ಏನು ಅರ್ಜೆಂಟೋ ಅದಕ್ಕೆ!" ಎನ್ನುತ್ತಿದ್ದ.

ಹಳೇ ಆಚಾರ ಬಿಡದ ರಷ್ಯನ್ ಕ್ರೈಸ್ತರ ಊರು ಅದು. ಹೊರಗಿನವರು ಬಂದರೆ ಚಹಾ ಕೊಡುತ್ತಾರೆ, ಆದರೆ ಲೋಟ ಬೇರೆ. ತೆರೆಂತಿಗೆ ಎಪ್ಪತ್ತೊಂದು ವರ್ಷ, ಎದೆ ಮುಚ್ಚುವ ಗಡ್ಡ. ಬೇಸಿಗೆಯಲ್ಲಿ ಈರುಳ್ಳಿ ಬೆಳೆಯುವುದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ತೂತು ಕೊರೆದು ಗಾಳ ಹಾಕುವುದು, ಇಷ್ಟೇ ಅವನ ಬಾಳು. ಗಡ್ಡೆಯ ಮೇಲೆ ಓಡಾಡಲು ಕರಕಾತ್ ಎಂಬ ಗಾಡಿ ಇತ್ತು. ಅದನ್ನು ಅವನೇ ಕಟ್ಟಿದ್ದ: ಹಳೇ ಮೋಟಾರ್ ಸೈಕಲ್ಲಿನ ಎಂಜಿನ್, ಲಾರಿ ಟ್ಯೂಬಿನ ನಾಲ್ಕು ಚಕ್ರ, ಕೂರುವುದಕ್ಕೆ ಮನೆಯ ಸೋಫಾದ ಅರ್ಧ. ಉಳಿದರ್ಧದ ಮೇಲೆ ಹೆಂಡತಿ ಉಸ್ತೀನ್ಯಾ ಕೂತು ಹದಿನೆಂಟು ವರ್ಷಗಳಿಂದ ಅವನನ್ನು ಬೈಯುತ್ತಿದ್ದಳು.

ಆ ವರ್ಷ ಬೈಗುಳ ನಿಂತುಹೋಯಿತು. ಚಳಿಗಾಲದ ನಡುವೆ ಉಸ್ತೀನ್ಯಾಗೆ ನ್ಯುಮೋನಿಯಾ ಬಂತು. ಎರಡು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದವಳು ಒಲೆಯ ಪಕ್ಕದ ಹಾಸಿಗೆ ಹಿಡಿದಳು, ಏಳಲಿಲ್ಲ. ಅಷ್ಟರಲ್ಲಿ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಯಿತು. ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಮೀನೂ ಇಲ್ಲ. ಡಾಕ್ಟರು ಮೀನು ತಿನ್ನಿಸಿ ಎಂದರು. ಪ್ರಾರ್ಥನಾ ಮಂದಿರದ ಹಿರಿಯರೇ ಮನೆಗೆ ಬಂದು, ಕಾಯಿಲೆಯವರಿಗೆ ವ್ರತ ಇಲ್ಲಮ್ಮ ಎಂದು ಹೇಳಿ ಹೋದರು. ಉಸ್ತೀನ್ಯಾ ಮಾತ್ರ ಮೂರು ಚಮಚ ಕೋಸಿನ ಸಾರು ಕುಡಿದು ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು.

"ಏನಾದ್ರೂ ತಿನ್ನೇ" ಎಂದು ತೆರೆಂತಿ ಗೋಗರೆದ.

"ಮಂಗಳವಾರ್ತೆ ಹಬ್ಬಕ್ಕೆ ತಿಂತೀನಿ. ಕೆರೆ ಮೀನಿನ ಪಿರೋಗ್."

ಉಪವಾಸದ ನಡುವೆ ಮೀನಿಗೆ ಅಪ್ಪಣೆ ಇರುವ ಹಬ್ಬ ಅದು, ಹಳೇ ಪಂಚಾಂಗದ ಮಾರ್ಚ್ ಇಪ್ಪತ್ತೈದು. ಪಿರೋಗಿಗೆ ಇಡೀ ಮೀನನ್ನು ಹಿಟ್ಟಿನಲ್ಲಿ ಮುಚ್ಚಿ ಒಲೆಗಿಟ್ಟು ಬೇಯಿಸುತ್ತಾರೆ. ತಿನ್ನುತ್ತೇನೆ ಎಂದು ಅವಳು ಬಾಯಿ ಬಿಟ್ಟು ಹೇಳಿದ್ದು ಅದೊಂದೇ, ತೆರೆಂತಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಂಗಡಿಯಲ್ಲಿ ನಾರ್ವೆಯ ಮೀನು ಸಿಗುತ್ತಿತ್ತು, ಆದರೆ ಯಾರ್‍ಯಾರು ಮುಟ್ಟಿದ್ದೋ ಎಂದು ಉಸ್ತೀನ್ಯಾ ಅದನ್ನು ಹೊಸಿಲು ದಾಟಿಸುತ್ತಿರಲಿಲ್ಲ. ತಾನೇ ಹಿಡಿದದ್ದನ್ನು ಕೂಡಿಡೋಣವೆಂದರೆ ಅದಕ್ಕೂ ಅವಳ ಅಡ್ಡಿ: ವ್ರತದ ಮನೆಯಲ್ಲಿ ಮೀನಿದ್ದರೆ ಕಣ್ಣೇ ತಿಂದುಬಿಡುತ್ತದಂತೆ. ಹಾಗಾಗಿ ಹಬ್ಬದ ಹಿಂದಿನ ದಿನ ಹೋಗಿ ಹಿಡಿದು ತರಬೇಕು, ಬೇರೆ ದಾರಿಯಿಲ್ಲ.

ಅವಳ ಆರೈಕೆಯಲ್ಲಿ ತೆರೆಂತಿ ಎರಡು ವಾರ ಸರೋವರದ ಕಡೆ ತಲೆ ಹಾಕಿರಲಿಲ್ಲ. ಇಪ್ಪತ್ತನಾಲ್ಕರ ಬೆಳಿಗ್ಗೆ ಬ್ರೆಡ್ಡು ತರಲು ಹೋದವನಿಗೆ ಅಂಗಡಿಯ ಬಾಗಿಲ ಮೇಲೆ ಒಂದು ಚೀಟಿ ಕಂಡಿತು. ಮಾರ್ಚ್ 25ರಿಂದ ಮಂಜುಗಡ್ಡೆಯ ಮೇಲೆ ಹೋಗುವುದನ್ನು ನಿಷೇಧಿಸಲಾಗಿದೆ ಎಂದಿತ್ತು. ತೆರೆಂತಿಗೆ ಬಹಳ ಸಂತೋಷವಾಯಿತು. ಮಂಗಳವಾರ್ತೆಯ ದಿನ ಅವರಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ಅದನ್ನು ತಿಳಿದುಕೊಂಡು ಸರ್ಕಾರವೇ ರಜೆ ಕೊಟ್ಟಿದೆ, ಕೊನೆಗೂ ಅದಕ್ಕೆ ದೇವರ ಭಯ ಬಂದಿದೆ ಎಂದು ಅವನು ಮೆಚ್ಚಿಕೊಂಡ. ಚೀಟಿ ಬರೆದವರು ಯಾವ ಪಂಚಾಂಗ ನೋಡಿ ಬರೆದರು ಎಂಬ ಯೋಚನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ಮೀನಿನ ವಿಷಯ ತಾನೇ?

ದಂಡೆಯಲ್ಲಿ ನೆರೆಮನೆಯ ಝಿನೋವಿ ದೋಣಿಗೆ ಟಾರು ಬಳಿಯುತ್ತಿದ್ದ.

"ಎಲ್ಲಿಗೆ ಹೊರಟೆ ಲುಕ್ಯಾನಿಚ್? ಕೆರೆ ಮುಚ್ಚಿದಾರಲ್ಲ!"

"ನಾಳೆಯಿಂದ ಕಣಯ್ಯಾ. ಇಪ್ಪತ್ತೈದು ಅಂತ ಬರೆದಿದೆ. ಇವತ್ತೆಷ್ಟು?"

ಝಿನೋವಿ ಬೆರಳು ಮಡಚಿ ಎಣಿಸಿದ. ಅವನದೂ ಹಳೇ ಪಂಚಾಂಗವೇ.

"ಇಪ್ಪತ್ತನಾಲ್ಕು. ಅಯ್ಯೋ ನನ್ನ ಕರ್ಮವೇ! ಹನ್ನೆರಡು ದಿನ ಸುಮ್ನೆ ಹೆಂಡ್ತಿ ಮುಖ ನೋಡ್ಕೊಂಡು ಕೂತ್ನಲ್ಲಪ್ಪ!"

"ಬಾ ಹಾಗಾದ್ರೆ."

ಝಿನೋವಿ ಸರೋವರದ ಕಡೆ ನೋಡಿದ. ಮಂಜುಗಡ್ಡೆ ಬೂದಿಯ ಬಣ್ಣಕ್ಕೆ ತಿರುಗಿತ್ತು, ಮೇಲೆ ಅಲ್ಲಲ್ಲಿ ನೀರು ನಿಂತಿತ್ತು.

"ಬೇಡ ಬಿಡು. ಹೆಂಡ್ತಿ ಮುಖ ಅಷ್ಟೇನೂ ಕೆಟ್ಟದಾಗಿಲ್ಲ" ಎಂದ.

ಕರಕಾತ್ ಅರ್ಧ ಓಡಿ ಅರ್ಧ ತೇಲಿ ನಾಲ್ಕು ಕಿಲೋಮೀಟರು ಹೋಯಿತು. ಬೈರಿಗೆ ಮೂರು ಸುತ್ತು ತಿರುಗುವುದರೊಳಗೆ ತೂತು ಬಿತ್ತು. ಜನವರಿಯಲ್ಲಾದರೆ ಅದಕ್ಕೆ ಕಾಲು ಗಂಟೆ ಬೆವರಬೇಕಿತ್ತು. ತೆರೆಂತಿ ಶಿಲುಬೆಯ ಗುರುತು ಮಾಡಿಕೊಂಡು ಗಾಳ ಇಳಿಸಿದ. ಬೆರಳುದ್ದದ ಮೀನುಗಳು ಒಂದರ ಹಿಂದೊಂದು ಬಂದವು.

"ನಿಮ್ಮನ್ನ ಯಾರು ಕರೆದ್ರು? ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕಳಿಸ್ರೋ" ಎಂದು ಬೈದು ಅವನ್ನೆಲ್ಲ ವಾಪಸು ನೀರಿಗೆ ಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ದಾರ ಜಗ್ಗಿತು. ಬಂದದ್ದು ಸುದಾಕ್, ತೋಳುದ್ದದ ಮೀನು, ಮುಳ್ಳಿನ ಬೆನ್ನು, ಸಿಟ್ಟಿನ ಕಣ್ಣು. ನೋಡುವುದಕ್ಕೆ ಉಸ್ತೀನ್ಯಾಳ ತಮ್ಮನ ಹಾಗೇ ಇತ್ತು. ತೆರೆಂತಿ ಅದರ ತಲೆಗೆ ಮುತ್ತಿಟ್ಟು ಕೋಟಿನೊಳಗೆ ತುರುಕಿಕೊಂಡ. ಆಗ ಕೇಳಿತು ಗಡ್ಡೆ ಸೀಳಿದ ಶಬ್ದ. ತಿರುಗಿ ನೋಡಿದರೆ ಅವನಿಗೂ ದಂಡೆಗೂ ನಡುವೆ ಕಪ್ಪು ನೀರಿನ ಪಟ್ಟಿ, ನೋಡುತ್ತಿದ್ದಂತೆಯೇ ಅಗಲವಾಗುತ್ತಿತ್ತು. ಕರಕಾತ್ ತೇಲುವ ಗಾಡಿ, ಹೆದರುವಂಥದ್ದೇನಿಲ್ಲ ಎಂದುಕೊಂಡು ಎಂಜಿನ್ನನ್ನು ಒದ್ದ. ಅದು ಕೆಮ್ಮಿತು. ಮತ್ತೆ ಒದ್ದ, ಕೆಮ್ಮುವುದನ್ನೂ ನಿಲ್ಲಿಸಿತು. ಗಾಳಿ ಅವನು ನಿಂತ ಮಂಜುಗಡ್ಡೆಯ ಹಲಗೆಯನ್ನು ಪೂರ್ವಕ್ಕೆ, ರಷ್ಯಾದ ಗಡಿಯ ಕಡೆಗೆ ತಳ್ಳುತ್ತಿತ್ತು. ಪಾಸ್‌ಪೋರ್ಟು ಮನೆಯಲ್ಲಿತ್ತು.

ಒಂದು ಗಂಟೆಯ ಮೇಲೆ ನೀರು ಗಡ್ಡೆ ಎರಡರ ಮೇಲೂ ಓಡುವ, ಗಡಿ ಕಾವಲಿನ ರಕ್ಷಣಾ ದೋಣಿ ಭರ್ರೆಂದು ಬಂತು. ಇಳಿದವನು ರೈವೋ ಎಂಬ ಎಸ್ತೋನಿಯನ್ ಅಧಿಕಾರಿ, ಕೆಂಪು ಕಿವಿಯ ತರುಣ. ಅವನು ಇವರ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ.

"ಅಜ್ಜನವರೇ, ತಾವು ನಿಷೇಧವನ್ನು ಉಲ್ಲಂಘಿಸಿದ್ದೀರಿ."

"ನಿಷೇಧ ನಾಳೆಯಿಂದ."

"ಇಂದು ಏಪ್ರಿಲ್ ಆರು."

"ಯಾರ ಲೆಕ್ಕದಲ್ಲಿ?"

"ಗಣರಾಜ್ಯದ ಲೆಕ್ಕದಲ್ಲಿ."

"ನಿನ್ನ ಗಣರಾಜ್ಯಕ್ಕಿಂತ ನಮ್ಮಜ್ಜನ ಪಂಚಾಂಗಕ್ಕೆ ವಯಸ್ಸು ಜಾಸ್ತಿ ಕಣಪ್ಪ. ದೊಡ್ಡೋರಿಗೆ ಮರ್ಯಾದೆ ಕೊಡೋದು ಕಲಿ."

ರೈವೋ ಅವನ ಕೋಟಿನ ಕಡೆ ಬೆರಳು ತೋರಿಸಿ, "ದಯವಿಟ್ಟು ದೋಣಿ ಹತ್ತಿ. ಕೋಟಿನಿಂದ ಹೊರಗೆ ಕಾಣುತ್ತಿರುವ ಬಾಲವನ್ನು ವಶಕ್ಕೆ ಪಡೆಯಲಾಗುವುದು" ಎಂದ.

ತೆರೆಂತಿ ಗಡ್ಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಹಂಗಾದ್ರೆ ನೀನು ಹೋಗಿ ಬಾ."

"ಗಡ್ಡೆ ಒಡೆಯುತ್ತಿದೆ!"

"ಒಡೀಲಿ. ಮೀನಿಲ್ದೆ ನಾನು ಬರಲ್ಲ. ಮನೇಲಿ ಹೆಂಡ್ತಿ ಒಂದೂವರೆ ತಿಂಗಳಿಂದ ಮಲಗಿದಾಳೆ. ತಿಂದ್ರೆ ಇದನ್ನೇ ತಿನ್ನೋದು ಅಂದಿದಾಳೆ."

ಹಲಗೆಯ ಒಂದು ಮೂಲೆ ಕಳಚಿ ಹೋಯಿತು. ರೈವೋ ಅದನ್ನು ನೋಡಿದ, ಮುದುಕನನ್ನು ನೋಡಿದ. ಗುರುತಿನ ಚೀಟಿ ಹೇಗೂ ಮನೆಯಲ್ಲಿದೆ, ವರದಿಯನ್ನು ಅಲ್ಲೇ ಬರೆಯೋಣ, ಅಲ್ಲಿಯವರೆಗೆ ಮೀನು ಅಜ್ಜನವರ ತೊಡೆಯ ಮೇಲೆಯೇ ಇರಲಿ ಎಂದು ಒಪ್ಪಿಕೊಂಡ. ಕರಕಾತ್‌ಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು.

ಮನೆಯಲ್ಲಿ ಉಸ್ತೀನ್ಯಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ರೈವೋ ಮೇಜಿನ ಬಳಿ ಕೂತು ವರದಿ ಬರೆದು ಪೆನ್ನು ಚಾಚಿದ. ತೆರೆಂತಿ ಕನ್ನಡಕ ಹಾಕಿಕೊಂಡು ತಾರೀಖು ನೋಡಿ ಪೆನ್ನು ಕೆಳಗಿಟ್ಟ.

"ದಂಡ ಎಷ್ಟಾದ್ರೂ ಹಾಕು. ಸುಳ್ಳು ತಾರೀಖಿಗೆ ಸಹಿ ಹಾಕಿ ನರಕಕ್ಕೆ ಹೋಗಕ್ಕೆ ನಾನು ತಯಾರಿಲ್ಲ. ಮಾರ್ಚ್ ಇಪ್ಪತ್ತನಾಲ್ಕು ಅಂತ ಬರಿ."

"ಹಾಗೆ ಬರೆದರೆ ಅಪರಾಧವೇ ಇರುವುದಿಲ್ಲ."

"ನಾನೂ ಅದನ್ನೇ ಅಲ್ವೇನಯ್ಯಾ ಹೇಳ್ತಿರೋದು!"

ದಾರಿ ಕಾಣದೆ ರೈವೋ ನಿಯಮದಂತೆ ವರದಿಯನ್ನು ಗಟ್ಟಿಯಾಗಿ ಓದತೊಡಗಿದ. "ಸದರಿ ವೃದ್ಧರು ದಂಡೆಯಿಂದ ನಾಲ್ಕು ಕಿಲೋಮೀಟರು ದೂರದಲ್ಲಿ, ಒಡೆದ ಮಂಜುಗಡ್ಡೆಯ ಮೇಲೆ, ಕೆಟ್ಟ ವಾಹನದೊಂದಿಗೆ ಒಬ್ಬರೇ ತೇಲಿಹೋಗುತ್ತಿದ್ದು..."

ಹಾಸಿಗೆಯಲ್ಲಿ ಸದ್ದಾಯಿತು. ಉಸ್ತೀನ್ಯಾ ಈ ಕಡೆ ತಿರುಗಿದ್ದಳು.

"ಏನಂದೆ? ಇನ್ನೊಂದ್ಸಲ ಓದು."

ರೈವೋ ಇನ್ನೊಂದು ಸಲ ಓದಿದ. ಉಸ್ತೀನ್ಯಾ ಹೊದಿಕೆ ಒದ್ದು, ಕಾಲು ಕೆಳಗಿಟ್ಟು, ಒಲೆಗೆ ಒರಗಿಸಿದ್ದ ಕೋಲು ಎತ್ತಿಕೊಂಡಳು.

"ಮುದುಕಾ! ಮೀನಿಗೋಸ್ಕರ ಸಾಯಕ್ಕೆ ಹೋಗಿದ್ಯಾ? ನಾನು ಸತ್ರೆ ಹೂಳಕ್ಕೆ ನೀನಿದೀಯ ಅಂತ ನೆಮ್ಮದಿಯಾಗಿ ಮಲಗಿದ್ರೆ, ನೀನೇ ಮುಂದೆ ಹೊರಟ್ಯಾ? ನಿನ್ನನ್ನ ನೀರಲ್ಲಿ ಹುಡುಕ್ಕೊಂಡು ಎಲ್ಲಿಗೆ ಹೋಗ್ಲೋ ನಾನು?"

ಕೋಲು ಎರಡು ಸಲ ಅವನ ಬೆನ್ನಿಗೆ ಬಿತ್ತು. ತೆರೆಂತಿ ತಪ್ಪಿಸಿಕೊಳ್ಳಲಿಲ್ಲ, ಬಾಯಿ ತೆರೆದು ಅವಳ ಕಾಲುಗಳನ್ನೇ ನೋಡುತ್ತಿದ್ದ.

"ಉಸ್ತೀನ್ಯಾ, ಎದ್ದು ನಿಂತಿದೀಯಲ್ಲೇ!"

"ಮತ್ತೆ ಮಲ್ಕೊಂಡೇ ಹೊಡೀಲಾ?"

ತೆರೆಂತಿ ಪೆನ್ನಿಗಾಗಿ ತಡಕಾಡಿದ. "ಎಲ್ಲಿ ಸಹಿ ಹಾಕ್ಲಿ ಮಗಾ? ಏಪ್ರಿಲ್ಲಾ? ಆಗ್ಲಿ. ಬೇಕಾದ್ರೆ ಆಗಸ್ಟ್ ಅಂತ ಬರ್ಕೋ" ಎಂದು ಮೂರು ಕಡೆ ಸಹಿ ಹಾಕಿದ. ಕೇಳಿದ್ದು ಒಂದೇ ಕಡೆ.

ಉಸ್ತೀನ್ಯಾ ಅಷ್ಟರಲ್ಲಿ ಒಂದು ಕೈಯಲ್ಲಿ ಮೇಜು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮೀನಿನ ಹೊಟ್ಟೆ ಸೀಳಿದ್ದಳು.

"ಅಮ್ಮಾ, ಅದು ಸಾಕ್ಷ್ಯ" ಎಂದ ರೈವೋ ಕ್ಷೀಣ ದನಿಯಲ್ಲಿ.

"ಎಷ್ಟು ಮೊಟ್ಟೆ ಇದೆ ನೋಡು ನಿನ್ನ ಸಾಕ್ಷ್ಯದ ಹೊಟ್ಟೇಲಿ. ಕೂತ್ಕೋ, ಚಹಾ ಕುಡ್ಕೊಂಡು ಹೋಗು. ಮುದುಕಾ, ಹೊರಗಿನೋರ ಲೋಟ ತೊಳಿ."

ರೈವೋ ಚಹಾ ಕುಡಿದ. ಆಮೇಲೆ ಬಹಳ ಯೋಚಿಸಿ ವರದಿಯ ಕೊನೆಯಲ್ಲಿ ಬರೆದ: ಹಿಡಿದ ಮೀನು, ಒಂದು. ಪ್ರಸ್ತುತ ಸ್ಥಿತಿ, ಹಿಟ್ಟಿನೊಳಗೆ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಪಿರೋಗ್ ಒಡೆದರು. ಉಸ್ತೀನ್ಯಾ ಮೊದಲ ತುಂಡನ್ನು ಪೂರ್ತಿ ತಿಂದಳು. ಎರಡನೆಯದನ್ನು ತಿನ್ನುತ್ತ, ಇದೇನು ಮಹಾ ದೊಡ್ಡ ಮೀನೇನಲ್ಲ ಎಂದಳು. ಆಮೇಲೆ ತಟ್ಟೆ ಮುಂದಕ್ಕೆ ಚಾಚಿ, "ಇನ್ನೊಂದು ಹಾಕು" ಎಂದಳು. ಒಂದೂವರೆ ತಿಂಗಳಿಂದ ತೆರೆಂತಿ ಆ ಮಾತು ಕೇಳಿರಲಿಲ್ಲ. ಇಷ್ಟು ದಿನ ತನಗೆ ಎಂಥಾ ಭಯವಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ಬಡಿಸುತ್ತಿದ್ದಂತೆ ಕಣ್ಣೀರು ಗಡ್ಡದೊಳಗೆ ಇಳಿಯಿತು.

ಉಸ್ತೀನ್ಯಾ ಅದನ್ನು ನೋಡಿಯೂ ನೋಡದ ಹಾಗೆ ತಟ್ಟೆಯನ್ನು ಅವನ ಕಡೆ ತಳ್ಳಿದಳು.

"ಅಳ್ತಾ ಕೂರ್ಬೇಡ. ಮುಳ್ಳು ಬಿಡಿಸ್ಕೊಡು."