ಎಲುಬು ಹೊತ್ತು ಊರು ಬಿಟ್ಟವರು

“ನಿನ್ನ ಗಂಡನ ಎಲುಬು ಯಾವಾಗ ತೆಗೆಸುತ್ತೀ?”

ಬಹರೈನಿನ ಗುಫೂಲ್ ಬಡಾವಣೆಯ ಈ ಚಿಕ್ಕ ಫ್ಲಾಟಿಗೆ ಬಂದ ಹೊಸದರಲ್ಲಿ ಎದುರುಮನೆಯ ಎಲಿಸ್ ಹೀಗೆ ಕೇಳಿದಳು, ಅದೂ ನಾನು ಮಾಡಿಕೊಟ್ಟ ಚಹಾ ಕುಡಿಯುತ್ತ. ವಿಲ್ಲಿ ಕೊರೊನಾದಲ್ಲಿ ತೀರಿಕೊಂಡ, ವಿಮಾನವಿಲ್ಲದೆ ಇಲ್ಲೇ ಹೂಳಿದೆವು, ಒಂದು ದಿನ ನಾನು ಊರಿಗೆ ಮರಳಬೇಕು ಎಂದಷ್ಟೇ ಹೇಳಿದ್ದೆ. ಕಪ್ಪು ಕಿತ್ತುಕೊಂಡು ಆಚೆ ಕಳಿಸಬೇಕು ಅನ್ನಿಸಿತು. ಆದರೆ ಇಲ್ಲಿಯ ನಮ್ಮ ಊರವರು ಒಂದು ವಾರ ಬಿರಿಯಾನಿ ತಂದುಕೊಟ್ಟು, ಆಮೇಲೆ ಗಂಡ ಸತ್ತವಳು ಏನಾದರೂ ಕೇಳಿಬಿಟ್ಟಾಳೆಂದು ಲಿಫ್ಟಿನಲ್ಲಿ ಮೊಬೈಲು ನೋಡತೊಡಗಿದ್ದರು. ವಿಲ್ಲಿಯ ಸುದ್ದಿ ಎತ್ತಿದವಳು ಇವಳೊಬ್ಬಳೇ.

ಎಲಿಸ್ ಇಲ್ಲಿ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸುತ್ತಾಳೆ. ಕೆನಡಾದ ಮೂಲನಿವಾಸಿ, ವೆಂಡಾಟ್ ಜನ. ಹ್ಯುರಾನ್ ಎಂಬುದು ಅವರಿಗೆ ಫ್ರೆಂಚರು ಹೀಯಾಳಿಸಿ ಇಟ್ಟ ಹೆಸರಂತೆ. ದೊಡ್ಡ ಸರೋವರದ ಪಕ್ಕ ಅವರ ಹಳೆಯ ನೆಲ. ಉದ್ದುದ್ದ ಮನೆಗಳು, ಒಂದೊಂದರಲ್ಲಿ ಹಲವು ಸಂಸಾರ, ಸುತ್ತ ಮೆಕ್ಕೆಜೋಳದ ಹೊಲ. ಮಣ್ಣು ಸೋತು ಸೌದೆ ಮುಗಿದಾಗ ಇಡೀ ಊರೇ ಎದ್ದು ಬೇರೆಡೆಗೆ ಹೋಗುತ್ತಿತ್ತು. ಆಗ ಸತ್ತವರನ್ನು ಮಣ್ಣಿನಿಂದ ತೆಗೆದು, ಹೆಂಗಸರು ಎಲುಬು ಶುಚಿಮಾಡಿ, ತುಪ್ಪಳದ ಚರ್ಮದಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ತಂದು, ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಮಲಗಿಸಿ ಊಟ ಹಾಕುತ್ತಿದ್ದರು. ಆಮೇಲೆ ಪರದೇಶದ ರೋಗ ಬಂತು, ಯುದ್ಧ ಬಂತು, ಹಸಿವು ಬಂತು. ಉಳಿದವರಲ್ಲಿ ಕೆಲವರು ಕ್ವಿಬೆಕ್ ಪಟ್ಟಣದ ಹತ್ತಿರ ಸೇರಿದರು. ಎಲಿಸಳ ಊರು ವೆಂಡಾಕೆ ಅದೇ. ಇನ್ನು ಕೆಲವರು ಅಮೆರಿಕದ ಕಡೆ ಚದುರಿದರು. ಜೀವ ಹಿಡಿದು ಓಡಿದವರಿಗೆ ಎಲುಬು ಹೊರಲು ಆಗಲಿಲ್ಲ.

ನನಗೆ ಹೇಸಿಗೆಯಾಗಲಿಲ್ಲ. ನಮ್ಮ ಕರಾವಳಿಯ ಕೆಲವು ಇಗರ್ಜಿಗಳ ಸಿಮೆಟ್ರಿಯಲ್ಲಿ ಸತ್ತವನೂ ಬಾಡಿಗೆದಾರನೇ. ಕೆಲವು ವರ್ಷ ಕಳೆದರೆ ಗುಂಡಿ ತೋಡಿ, ಎಲುಬುಗಳನ್ನು ಮೂಲೆಯ ಬಾವಿಗೆ ಹಾಕಿ, ಹೊಸಬನನ್ನು ಮಲಗಿಸುತ್ತಾರೆ. ಎಲಿಸಳ ಜನ ಪ್ರೀತಿಗೆ ಅಗೆದರು, ನಾವು ಜಾಗಕ್ಕೆ ಅಗೆಯುತ್ತೇವೆ.

ಫೋನಿನಲ್ಲಿ ಅತ್ತೆಗೆ ಈ ಕತೆ ಹೇಳಿದೆ. ಅತ್ತೆಗೆ ನಾವು ಮಾಂಯ್ ಎನ್ನುತ್ತೇವೆ.

“ಹಾಗಾದ್ರೆ ಅವನನ್ನು ತಾ ಬಾಯೆ. ಅಪ್ಪನ ಹತ್ರ ಮಲಗಿಸುವ. ನನ್ನ ಕಣ್ಣು ಮುಚ್ಚುವ ಮೊದಲು ತಾ.”

“ಕೇಳಿ ನೋಡ್ತೇನೆ ಮಾಂಯ್,” ಎಂದೆ.

ಇಲ್ಲಿಯ ಸಿಮೆಟ್ರಿ ನೋಡಿಕೊಳ್ಳುವವರು ಉಡುಪಿ ಕಡೆಯವರು. ನನ್ನ ಮಾತು ಮುಗಿಯುವ ಮೊದಲೇ “ಮಮ್ನೂ” ಎಂದರು. ಕೂಡದು ಎನ್ನಲು ಇಲ್ಲಿಯ ಅರಬಿ ಮಾತು ಅದು. “ಇದು ಊರಿನ ಸಿಮೆಟ್ರಿ ಅಲ್ಲ ಮಾರಾಯ್ರೆ. ಒಮ್ಮೆ ಮುಚ್ಚಿದ್ದನ್ನು ತೆಗೀಲಿಕ್ಕಿಲ್ಲ. ನೀವು ಮೊದಲು ನಿಮ್ಮ ವೀಸಾ ನೋಡ್ಕೊಳ್ಳಿ.” ಇದೇ ದ್ವೀಪದಲ್ಲಿ ಸಾವಿರಾರು ವರ್ಷ ಹಳೆಯ ಗೋರಿದಿಬ್ಬಗಳನ್ನು ಅಗೆದು, ಒಳಗಿದ್ದವರನ್ನು ಮ್ಯೂಸಿಯಮ್ಮಿನ ಗಾಜಿನೊಳಗೆ ಇಟ್ಟಿದ್ದಾರೆ. ಅಷ್ಟು ಹಳಬನಾಗುವ ತನಕ ವಿಲ್ಲಿ ಕಾಯಬೇಕು.

ಎಲಿಸ್‌ಗೆ ಹೇಳಿದೆ. “ನಮ್ಮ ಹಿರಿಯರನ್ನೂ ಅಗೆದು ಪೆಟ್ಟಿಗೆಗೆ ತುಂಬಿ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಇಟ್ಟಿದ್ದರು. ಕೇಳಿ ಕೇಳಿ ವಾಪಸ್ ತಂದು ಮಣ್ಣು ಮಾಡಿದೆವು. ನೀನೂ ಕೇಳುತ್ತಲೇ ಇರು,” ಎಂದಳು. ಚದುರಿಹೋದವರೆಲ್ಲ ಅವತ್ತು ಹಳೆಯ ನೆಲಕ್ಕೆ ಬಂದು ಸೇರಿದ್ದರಂತೆ. ನನಗೆ ಹೊಟ್ಟೆ ಉರಿಯಿತು. ಅವಳ ಸತ್ತವರಿಗಾಗಿ ಒಂದು ಜನಾಂಗವೇ ಕೇಳಿತು. ನಾನು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್, ನನ್ನ ಹಿಂದೆ ಯಾರೂ ಇಲ್ಲ.

ರಜೆಗೆ ಊರಿಗೆ ಹೋದೆ. ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಮಾಂಯ್ ಇಗರ್ಜಿಗೆ ಉಡುವ ಸೀರೆ ಉಟ್ಟು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಣ್ಣು ಪೂರ್ತಿ ಮಂಜಾಗಿದೆ. ಮೈದುನ ಸೂಟ್‌ಕೇಸುಗಳನ್ನು ತಂದು ಮುಂದಿಟ್ಟ. ಅವರು ಬಗ್ಗಿ ಒಂದೊಂದನ್ನೂ ಸವರಿದರು.

“ಯಾವುದರಲ್ಲಿ ಇದ್ದಾನೆ?”

“ಅವರು ಬಿಡ್ಲಿಲ್ಲ ಮಾಂಯ್.”

ಮೈದುನನ ಮಕ್ಕಳು ಒಳಗಿಂದ ಚಾಕಲೇಟು ಕೇಳುತ್ತಿದ್ದರು. ಮಾಂಯ್ ಕೈ ಹಿಂದೆಗೆದು ಸೆರಗಿಗೆ ಒರೆಸಿಕೊಂಡರು.

“ಹಾಗಾದ್ರೆ ನೀನು ಯಾಕೆ ಬಂದದ್ದು? ಅವನು ಅಲ್ಲಿ ಒಬ್ಬನೇ ಇದ್ದಾನೆ. ಹೋಗು. ಅವನಿಲ್ಲದೆ ಇಲ್ಲಿಗೆ ಬರ್ಬೇಡ.”

ರಜೆ ಮುಗಿಯುವ ಮೊದಲೇ ಹೊರಟು ಬಂದೆ. ಇಲ್ಲಿ ರಜೆಯ ದಿನವಾದ ಶುಕ್ರವಾರ, ಪ್ರತಿ ವಾರವೂ ಇಗರ್ಜಿಯ ಪೂಜೆ ಮುಗಿಸಿ ವಿಲ್ಲಿಯ ಕಲ್ಲಿನ ಮೇಲಿನ ಮರಳು ಒರೆಸಿ ಬರುತ್ತೇನೆ. ಅವನಿಗೆ ಇನ್ನು ಈ ದೇಶದಲ್ಲಿ ವೀಸಾ ಬೇಡ, ನನಗೆ ಬೇಕು. ಅದು ಮುಗಿದ ದಿನ ಅವನನ್ನು ಇಲ್ಲೇ ಬಿಟ್ಟು, ಅವನಿಲ್ಲದೆ ಬರಬೇಡ ಎಂದ ಮನೆಗೇ ನಾನು ಹೋಗಬೇಕು.