ಪದೇ ಪದೇ ಎಂಬ ಮಾತಿನ ಮರ್ಯಾದೆ

ನಮ್ಮ ಭಾಷೆಯಲ್ಲಿ ‘ಪದೇ ಪದೇ’ ಎಂಬ ಮಾತಿಗೆ ಆಗಿರುವಷ್ಟು ಅನ್ಯಾಯ ಇನ್ನಾವ ಮಾತಿಗೂ ಆಗಿಲ್ಲ ಎಂಬುದು ನನ್ನ ದೂರು. ನೀವೇ ಗಮನಿಸಿ. ಜ್ವರ ಪದೇ ಪದೇ ಬರುತ್ತದೆ, ಕರೆಂಟು ಪದೇ ಪದೇ ಹೋಗುತ್ತದೆ, ಪಕ್ಕದ ಮನೆಯವರು ಸಕ್ಕರೆ ಕೇಳಿಕೊಂಡು ಪದೇ ಪದೇ ಬರುತ್ತಾರೆ. ಅದೇ ಪಕ್ಕದ ಮನೆಯವರು ಹೋಳಿಗೆ ತಂದುಕೊಟ್ಟರೆ ‘ಪದೇ ಪದೇ ಹೋಳಿಗೆ ಕೊಟ್ಟರು’ ಎಂದು ಯಾರೂ ಅನ್ನುವುದಿಲ್ಲ. ಬೇಕಾದದ್ದಾದರೆ ‘ಮತ್ತೆ ಮತ್ತೆ’, ಬೇಡವಾದದ್ದಾದರೆ ‘ಪದೇ ಪದೇ’. ಕನ್ನಡ ಮೇಷ್ಟ್ರಾಗಿ ನಾನೂ ಈ ಪಂಕ್ತಿಭೇದವನ್ನು ಒಪ್ಪಿಕೊಂಡೇ ಇದ್ದೆ. ಈಗ ಒಪ್ಪುವುದಿಲ್ಲ. ಅದಕ್ಕೆ ಕಾರಣ ನನ್ನ ಚಿಕ್ಕಮ್ಮ ಗಂಗಮ್ಮ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ತಿಪಟೂರಿನಲ್ಲಿ ಮೇಷ್ಟ್ರು. ಚಿಕ್ಕಮ್ಮನದು ಶೆಟ್ಟಿಕೆರೆಯ ಆಚೆಗಿನ ಒಂದು ಹಳ್ಳಿ. ಮಗಳು ಶಾರದ ಏಳನೇ ಕ್ಲಾಸು ಪಾಸಾಗಿ ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿಗೆ ಸೇರಿದ್ದಳು. ಬೆಳಿಗ್ಗೆ ಆ ಕಡೆಗಿದ್ದದ್ದು ಒಂದೇ ಬಸ್ಸು. ಅದು ಅವರ ಊರಿನ ಗೇಟಿನ ಮುಂದೆಯೇ, ಅಂದರೆ ಊರಿನ ದಾರಿ ಟಾರು ರಸ್ತೆಗೆ ಕೂಡುವ ಕಡೆಯೇ, ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು; ನಿಲ್ಲುತ್ತಿರಲಿಲ್ಲ. ಬಸ್ಸು ಬೇಕಾದರೆ ತೋಟಗಳ ನಡುವೆ ಶೆಟ್ಟಿಕೆರೆಯವರೆಗೆ ನಡೆಯಬೇಕು. ‘ಒಬ್ಬಳೇ ಹೆಣ್ಣುಹುಡುಗಿ ಅಷ್ಟು ದೂರ ನಡೆಯೋದು ಬೇಡ, ಓದಿದ್ದು ಸಾಕು’ ಎಂದು ಚಿಕ್ಕಪ್ಪ ತೀರ್ಮಾನ ಮಾಡಿಬಿಟ್ಟರು. ಗಂಡು ನೋಡುವ ಮಾತೂ ಮೆಲ್ಲಗೆ ಶುರುವಾಯಿತು.

ಚಿಕ್ಕಮ್ಮ ಗಂಡನ ಜತೆ ಜಗಳವಾಡಲಿಲ್ಲ. ಬಸ್ಸಿನ ಮಾಲೀಕರಿಗೆ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಿತ್ತು. ಗೇಟಿನಲ್ಲಿ ಬಸ್ಸು ನಿಲ್ಲಿಸಿ ಎಂದು ಕೇಳಲು ನೇರವಾಗಿ ಅಲ್ಲಿಗೇ ಹೋದಳು. ‘ನೋಡೋಣ’ ಎಂದರು. ಇನ್ನೊಮ್ಮೆ ಹೋದಳು. ‘ಹೇಳ್ತೀನಿ’ ಎಂದರು. ಆಮೇಲೂ ಹೋದಾಗ ಸಹನೆ ಕೆಟ್ಟು, ‘ಪದೇ ಪದೇ ಬಂದು ತಲೆ ತಿನ್ಬೇಡಮ್ಮ!’ ಎಂದು ಮಂಡಿಯವರೆಲ್ಲರ ಎದುರಿಗೆ ರೇಗಿದರು.

ಅಲ್ಲಿಂದ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಮುಖ ಕೆಂಪಾಗಿತ್ತು. ನೀರು ಕುಡಿದವಳೇ, “ಪದೇ ಪದೇ ಅಂದ್ರೆ ಬೈಗುಳವೇನ್ಲಾ?” ಎಂದು ಕೇಳಿದಳು.

ಮೇಷ್ಟ್ರಿಗೆ ಇದಕ್ಕಿಂತ ಏನು ಬೇಕು? ‘ಪದ’ ಎಂದರೆ ಸಂಸ್ಕೃತದಲ್ಲಿ ಹೆಜ್ಜೆ, ‘ಪದೇ’ ಎನ್ನುವುದು ಸಪ್ತಮೀ ವಿಭಕ್ತಿ, ಎರಡು ಸಲ ಹೇಳಿದ್ದರಿಂದ ಅದು ದ್ವಿರುಕ್ತಿ ಎಂದು ಪಾಠ ಶುರುಮಾಡಿದೆ. ಚಿಕ್ಕಮ್ಮ ವಿಭಕ್ತಿಗೆ ಆಕಳಿಸಿದಳು, ದ್ವಿರುಕ್ತಿಗೆ ಸೆರಗು ಸರಿಮಾಡಿಕೊಂಡಳು.

“ಒಟ್ನಲ್ಲಿ ಏನು, ಅದನ್ನೇಳು.”

“ಹೆಜ್ಜೆ ಹೆಜ್ಜೆಗೂ ಅಂತ ಅರ್ಥ ಚಿಕ್ಕಮ್ಮ.”

“ಅಷ್ಟೇಯಾ? ಹಂಗಾದ್ರೆ ಬುಡು, ಆವಯ್ಯ ಸರಿಯಾಗೇ ಅಂದವ್ನೆ” ಎಂದು ಎದ್ದು ಹೊರಟಳು.

ಮಾರನೆಯ ಬೆಳಿಗ್ಗೆಯಿಂದ ಅವಳು ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗೇಟಿನ ಹತ್ತಿರ ಟಾರು ರಸ್ತೆಯ ನಟ್ಟನಡುವೆ ಕೈ ಅಡ್ಡ ಹಿಡಿದು ನಿಲ್ಲತೊಡಗಿದಳು. ಡ್ರೈವರು ಹಾರನ್ ಹೊಡೆದ, ಬೈದ, ಕೊನೆಗೆ ಬ್ರೇಕ್ ಹಾಕಿದ. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, “ಇಲ್ಲಿ ಸ್ಟಾಪಿಲ್ಲ ಕಣಮ್ಮ!” ಎಂದು ಕೂಗಿದ.

“ನಿಂತ್ಕಂಡೈತಲ್ಲಪ್ಪ. ನಿಂತಿದ್ದೇ ಸ್ಟಾಪು” ಎಂದು ಚಿಕ್ಕಮ್ಮ ಮಗಳನ್ನು ಹತ್ತಿಸಿಯೇ ಬಿಟ್ಟಳು.

ಇದು ದಿನಾ ನಡೆಯಿತು. ‘ಯಾವತ್ತೋ ಒಂದಿನ ಬಸ್ಸಿಗೆ ಸಿಕ್ಕೊಂಡು ಸಾಯ್ತಾಳೆ, ನೀನಾದ್ರೂ ಬುದ್ಧಿ ಹೇಳು’ ಎಂದು ಚಿಕ್ಕಪ್ಪ ಹೇಳಿಕಳಿಸಿದರು. ನಾನು ಬುದ್ಧಿ ಹೇಳಲು ಹೋದ ಬೆಳಿಗ್ಗೆಯೇ ಬಸ್ಸಿನಿಂದ ಸಾಕ್ಷಾತ್ ಮಾಲೀಕರು ಇಳಿಯಬೇಕೆ! ಅವರಿಗೆ ನನ್ನ ಪರಿಚಯವಿತ್ತು. ನಾನು ಸರಕ್ಕನೆ ತೆಂಗಿನ ಮರದ ಹಿಂದಕ್ಕೆ ಸರಿದೆ. ತೆಂಗಿನ ಮರ ಮರೆಯಾಗಿ ನಿಲ್ಲುವುದಕ್ಕೆ ಹೇಳಿ ಮಾಡಿಸಿದ ಮರವಲ್ಲ. ನನ್ನ ಎರಡೂ ಭುಜ ಹೊರಗೇ ಇದ್ದವು.

“ನಿಂಗೆ ಹೇಳಿರ್ಲಿಲ್ವೇನಮ್ಮ, ಪದೇ ಪದೇ…” ಎಂದು ಅವರು ಶುರುಮಾಡಿದರು.

“ಹೇಳಿದ್ರಿ ಕಣ್ರೀ. ಹೆಜ್ಜೆ ಹೆಜ್ಜೆಗೂ ಅಂತಂತೆ ಅದರರ್ಥ, ನಮ್ಮ ಮೇಷ್ಟ್ರು ಹೇಳವ್ನೆ” ಎಂದು ನನ್ನ ಮರದತ್ತ ಕೈ ತೋರಿಸಿದಳು. “ಮಂಡಿಗೆ ಬರಬ್ಯಾಡ ಅಂದ್ರಿ, ಬರಲಿಲ್ಲ. ಇದು ನಮ್ಮೂರ ರಸ್ತೆ. ನನ್ನ ಮಗಳ ಓದು ಮುಗಿಯೋಗಂಟ ಇಲ್ಲೇ ನಿಲ್ತೀನಿ. ಹತ್ತಿಸ್ಕೊಂಡೋಗ್ತೀರೋ, ಹತ್ತಿಸ್ಕೊಂಡೇ ಹೋಗ್ತೀರೋ, ನೀವೇ ಹೇಳಿ.”

ಬಸ್ಸಿನೊಳಗೆ ಯಾರೋ ಕಿಸಕ್ಕನೆ ನಕ್ಕರು. ಕಿಟಕಿಯಿಂದ ಒಬ್ಬ ಮುದುಕ, “ಹತ್ತಿಸ್ಕಳ್ರೀ ಸಾಹುಕಾರ್ರೇ, ಮಗು ಓದ್ಕಳ್ಳಿ” ಎಂದ. ಮಾಲೀಕರು ಚಿಕ್ಕಮ್ಮನನ್ನು ನೋಡಿದರು, ಮರವನ್ನೂ ನನ್ನ ಭುಜಗಳನ್ನೂ ನೋಡಿದರು. ಕೊನೆಗೆ ಶಾರದಳಿಗೆ “ಹತ್ತಮ್ಮ” ಎಂದು ಹೇಳಿ, ಅವಳ ಹಿಂದೆ ತಾವೂ ಹತ್ತಿಕೊಂಡರು.

ಮುಂದಿನ ವರ್ಷ ಅದೇ ಗೇಟಿನಲ್ಲಿ ಇನ್ನೂ ಕೆಲವು ಹುಡುಗಿಯರು ಚೀಲ ಹಿಡಿದು ನಿಲ್ಲುತ್ತಿದ್ದರು. ಶಾರದ ಎಸ್ಸೆಸ್ಸೆಲ್ಸಿ ಮುಗಿಸಿ ಟಿ.ಸಿ.ಎಚ್. ಮಾಡಿದಳು, ತುರುವೇಕೆರೆಯ ಕಡೆ ಮೇಡಮ್ಮಾದಳು. ನಾನಂತೂ ಮಕ್ಕಳ ಪ್ರಬಂಧಗಳಲ್ಲಿ ‘ಗೆಳೆಯನು ನನಗೆ ಪದೇ ಪದೇ ಸಹಾಯ ಮಾಡಿದನು’ ಎಂಬ ಸಾಲು ಕಂಡರೆ ಕೆಂಪು ಇಂಕು ತಾಗಿಸುವುದಿಲ್ಲ. ಬೇಕಾದವರು ನನ್ನ ಮೇಲೆ ಜಗಳಕ್ಕೆ ಬರಲಿ.

ಎಷ್ಟೋ ವರ್ಷಗಳಾದ ಮೇಲೆ ಒಂದು ಸಲ ಚಿಕ್ಕಮ್ಮನ ಜತೆ ಅದೇ ಗೇಟಿನಲ್ಲಿ ನಿಂತಿದ್ದೆ. ಬಸ್ಸು ಕಾಣುತ್ತಲೇ ಅವಳು ಕೈ ಅಡ್ಡ ಹಿಡಿದಳು. ಹೊಸ ಕಂಡಕ್ಟರು, ಚಿಕ್ಕ ವಯಸ್ಸಿನವನು, ತಲೆ ಹೊರಗೆ ಹಾಕಿ, “ಕೈ ಯಾಕಜ್ಜಿ ಅಡ್ಡ ಹಿಡೀತೀಯಾ? ಇದು ಮಾಮೂಲಿ ಸ್ಟಾಪು, ಯಾವಾಗ್ಲೂ ನಿಲ್ಸ್ತೀವಿ” ಎಂದು ತಿಳಿವಳಿಕೆ ಹೇಳಿದ.

“ಹೂಂ ಕಣಪ್ಪ, ನಿಲ್ಸು ಮತ್ತೆ” ಎಂದಳು ಚಿಕ್ಕಮ್ಮ. ಚಕ್ರ ಪೂರ್ತಿ ನಿಂತ ಮೇಲೆಯೇ ಅವಳು ಕೈ ಇಳಿಸಿದ್ದು.